ಅವ್ವನ ನೀಲಿ ಕೆನ್ನೆ

ಹನ್ನೊಂದು ಸಂಜೆಗಳನ್ನು ತಿಂದ ದೋಷ ನಿನ್ನೆ ಸಿಕ್ಕಿತು. ಹಗಲಲ್ಲಿ ಹಾಲಿನವನನ್ನು ಥಟ್ಟನೆ ಹಿಡಿಯುವ ನಮ್ಮ ಬಾಗಿಲ ಕ್ಯಾಮೆರಾ, ದೀಪ ಹಚ್ಚಿದ ಮೇಲೆ ಎದುರಿಗೇ ನಿಂತ ಅವ್ವನದು ಮುಖವೆಂದೇ ಒಪ್ಪುತ್ತಿರಲಿಲ್ಲ. ಯಾರಾದರೂ ಬಂದರೆ ಅಡುಗೆಮನೆಯಲ್ಲಿ ದೀಪ ಹೊತ್ತಬೇಕು, ಅಷ್ಟೇ ಕೆಲಸ. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ, ಚಿತ್ರ ಸಂಸ್ಕರಿಸುವ ತಂತ್ರಾಂಶ ಓಪನ್‌ಸಿವಿ, ಅದರೊಳಗೆ ಮುಖ ಹುಡುಕುವ ಹಾರ್ ಕ್ಯಾಸ್ಕೇಡ್: ಇಷ್ಟೇ ಜೋಡಣೆ. 

ಬೈದದ್ದೆಲ್ಲ ಪಡಸಾಲೆಯ 60 ವ್ಯಾಟಿನ ಹಳದಿ ಬಲ್ಬನ್ನು. "ಉರಿಯುವ ಬಲ್ಬನ್ನು ಯಾರಾದರೂ ತೆಗೆಯುತ್ತಾರೇನೋ?" ಎಂದು ಅವ್ವ ಅದನ್ನು ಮುಟ್ಟಲು ಬಿಡಲಿಲ್ಲ. ಚಿತ್ರದ ತುಣುಕು ತುಣುಕಿಗೂ ಬೆಳಕು–ನೆರಳಿನ ಅಂತರ ಹಿಗ್ಗಿಸುವ ಕ್ಲಾಹೆ ವಿಧಾನ ಹಾಕಿ ಕಾಂಟ್ರಾಸ್ಟ್ ಏರಿಸಿದೆ. ಗೋಡೆಯ ಬಿರುಕುಗಳು ಚೆನ್ನಾಗಿ ಎದ್ದು ಬಂದವು, ಕರೆಂಟಿನ ಮೀಟರ್ ಪೆಟ್ಟಿಗೆಯನ್ನೂ ಮುಖವೆಂದು ಒಪ್ಪಿತು. ಅವ್ವ ಮಾತ್ರ ಇಲ್ಲ.

ಹಾರ್ ಕ್ಯಾಸ್ಕೇಡಿನ ಹಿಂದಿರುವ 2001ರ ವಯೋಲಾ–ಜೋನ್ಸ್ ವಿಧಾನ ಬೂದು ಚಿತ್ರದಲ್ಲಿ ಕಣ್ಣಿನ ಭಾಗ ಕೆನ್ನೆಗಿಂತ ಕಪ್ಪಗಿದೆಯೇ ಎಂಬಂಥ ಬೆಳಕು–ನೆರಳಿನ ಅಂತರವನ್ನಷ್ಟೇ ನೋಡುತ್ತದೆ. ಬಣ್ಣವೇ ಬೇಡದ ಕಡೆ ಬಣ್ಣದ ತಪ್ಪೇಕೆ ಹುಡುಕಲಿ? ಹಾಗಾಗಿ ಬೂದು ಚಿತ್ರಗಳನ್ನಷ್ಟೇ ಉಳಿಸುತ್ತಿದ್ದೆ. ನಿನ್ನೆ ಬೇಸತ್ತು ಬಣ್ಣದ್ದೊಂದನ್ನು ಉಳಿಸಿ ತೆರೆದರೆ ಅವ್ವ ಬಯಲಾಟದ ಕೃಷ್ಣ! ಕೆನ್ನೆ ನೀಲಿ, ಕುಂಕುಮ ಕಡುನೀಲಿ. ವಿಭೂತಿಯೊಂದೇ ಬೆಳ್ಳಗೆ ಉಳಿದಿತ್ತು.

ಪೈಗೆ ಕ್ಯಾಮೆರಾದ ಚಿತ್ರ ತಂದುಕೊಡುವ ಪೈಕ್ಯಾಮೆರಾ2 ತಂತ್ರಾಂಶದಲ್ಲಿ 'ಆರ್‌ಜಿಬಿ888' (ಹೆಸರಿನ ಪ್ರಕಾರ ಕೆಂಪು, ಹಸಿರು, ನೀಲಿ) ಎಂದು ಕೇಳಿದರೆ ಸಿಗುವುದು ನೀಲಿ, ಹಸಿರು, ಕೆಂಪು ಎಂಬ ಸಾಲು. ಓಪನ್‌ಸಿವಿಗೆ ಬೇಕಾದದ್ದೂ ಅದೇ. ನಾನು ಹೆಸರನ್ನು ನಂಬಿ ಆ ಸಾಲನ್ನು ಮತ್ತೊಮ್ಮೆ ತಿರುಗಿಸಿದ್ದೆ, ಕೆಂಪು–ನೀಲಿ ಅದಲುಬದಲಾಗಿದ್ದವು. ಬೂದು ಮಾಡುವಾಗ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ಪಾಲು. ಕೆನ್ನೆಯ ಒಂದು ಚುಕ್ಕೆಯಲ್ಲಿ ಕೆಂಪು 200, ಹಸಿರು 140, ನೀಲಿ 100 ಇದ್ದರೆ 153 ಬರಬೇಕು, ನನಗೆ ಬರುತ್ತಿದ್ದದ್ದು 135. ಹಗಲಲ್ಲಿ ಇದು ನಡೆದುಹೋಗುತ್ತಿತ್ತು. ಹಳದಿ ಬಲ್ಬಿನಲ್ಲಿ ನೀಲಿಯೇ ಕಡಿಮೆ. ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಅದನ್ನು ಎಳೆದು ಹಿಗ್ಗಿಸುವಾಗ ಕಾಳುಕಾಳು ಗದ್ದಲವೂ ಹಿಗ್ಗುತ್ತದೆ. ನಾನು ಆ ಗದ್ದಲಕ್ಕೇ ದೊಡ್ಡ ಪಾಲು ಕೊಟ್ಟು, ಅದರಲ್ಲಿ ಅವ್ವನ ಕಣ್ಣು ಹುಡುಕುತ್ತಿದ್ದೆ.

(ಮುಂದಿನದು ಮಂಡಕ್ಕಿಯಲ್ಲಿ ಕರಕಲು ಕಾಳು ಆರಿಸುವ ಯಂತ್ರ. ದಾವಣಗೆರೆಯಲ್ಲಿದ್ದು ಅದನ್ನು ಮಾಡದಿದ್ದರೆ ಹೇಗೆ? ಅಲ್ಲಿ ಮೊದಲ ದಿನವೇ ಬಣ್ಣದ ಚಿತ್ರ ಉಳಿಸುತ್ತೇನೆ.)

ಬಣ್ಣ ತಿರುಗಿಸುತ್ತಿದ್ದ ಕೋಡಿನ ಆ ಒಂದು ಸಾಲನ್ನು ಅಳಿಸಿದೆ. ಏಳು ಗಂಟೆಗೆ ಅಡುಗೆಮನೆಯ ದೀಪ ಹೊತ್ತಿತು. "ಬಾಗಿಲಲ್ಲಿ ನಾನೇ ನಿಂತಿದ್ದರೆ ಒಳಗೆ ನೋಡುವವರು ಯಾರು?" ಎಂದಳು ಅವ್ವ. ಬೆನ್ನ ಹಿಂದೆ ಬೈಕಿನ ಹೆಡ್‌ಲೈಟ್ ಉರಿಯುತ್ತಿದ್ದರೆ ಮುಖ ಇನ್ನೂ ಬರೀ ಕಪ್ಪು ಹಲಗೆ. ಅದಕ್ಕೆ ಬಾಗಿಲ ಮೇಲೊಂದು ಎಲ್‌ಇಡಿ ಪಟ್ಟಿ ಬೇಕು, ಅವ್ವನ ಅಪ್ಪಣೆಯೂ ಬೇಕು.