ಅಜ್ಜನ ಕಾಲದ ಬೀಡಿನ ಪೈಪು ಇಳಿಸಿದ ಕತೆ

ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ಹಳೇ ಮನೆಯ ಹಿಂದಿನ ಗೋಡೆಗೆ ಅಜ್ಜನ ಕಾಲದಿಂದ ಅಂಟಿಕೊಂಡಿದ್ದ ಬೀಡಿನ (ಎರಕದ ಕಬ್ಬಿಣದ) ಪೈಪುಗಳನ್ನು ಕೊನೆಗೂ ಇಳಿಸಿದೆವು. ಮಹಡಿಯ ಕಕ್ಕಸಿನದು ಒಂದು, ಬಚ್ಚಲಿನದು ಒಂದು. ಎರಡೂ ನಾಲ್ಕಿಂಚಿನವು. ಎರಡು ವರ್ಷದಿಂದ ಅಡುಗೆಮನೆ ಗೋಡೆ ಹಸಿಯಾಗಿ ಸುಣ್ಣ ಉದುರುತ್ತಿತ್ತು. ಆದರೆ ಹೊರಗೆ ನಿಂತು ನೋಡಿದರೆ ಪೈಪಿಗೆ ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದೆ. ದೊಡ್ಡಪ್ಪ ಅಂತೂ "ಬೀಡು ಕಣೋ ಅದು, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ, ಸುಮ್ನೆ ದುಡ್ಡು ದಂಡ ಮಾಡಬೇಡ" ಅಂತ ಒಂದೇ ಹಟ.

ಒಂದು ಭಾನುವಾರ ನಾನೇ ಸುತ್ತಿಗೆ ಹಿಡಿದು ಹೋದೆ. ಕೆಳಗಿನ ಪೈಪು ಕೈಗೆ ಸಿಗುತ್ತಿತ್ತು, ಅದನ್ನೇ ಮೊದಲು ಬಿಚ್ಚೋಣ ಅಂದುಕೊಂಡೆ. ಈ ಪೈಪುಗಳ ಸಾಕೆಟ್ಟಿಗೆ, ಅಂದರೆ ಮೇಲಿನ ಪೈಪು ಬಂದು ಕೂರುವ ಅಗಲ ಬಾಯಿಗೆ, ಎರಡು ಕಿವಿ ಇರುತ್ತವೆ, ಗೋಡೆಯೊಳಗೆ ಮರದ ತುಂಡು ಹೂತು ಆ ಕಿವಿಗೆ ಉದ್ದನೆ ಮೊಳೆ ಹೊಡೆದಿರುತ್ತಾರೆ. ಮೊದಲನೇ ಮೊಳೆಗೆ ಒಂದು ಏಟು ಹಾಕಿದೆ, ಬಂತು. ಎರಡನೆಯದು ಕೈಯಲ್ಲೇ ಬಂತು! ಒಳಗಿನ ಮರ ಪುಡಿಪುಡಿಯಾಗಿತ್ತು. ಅಂದರೆ ಗೋಡೆ ಈ ಪೈಪನ್ನು ಹಿಡಿದುಕೊಂಡೇ ಇರಲಿಲ್ಲ, ಒಂದರ ತಲೆ ಮೇಲೆ ಒಂದು ಸುಮ್ನೆ ನಿಂತಿದ್ದವು. ಆರಡಿಯ ಒಂದು ಪೈಪು ಇಪ್ಪತ್ತು ಕಿಲೋ ಮೇಲೆಯೇ ತೂಗುತ್ತದೆ, ಅಂಥವು ನಾಲ್ಕು ನನ್ನ ತಲೆ ಮೇಲಿದ್ದವು. ಸುತ್ತಿಗೆ ಅಲ್ಲೇ ಇಟ್ಟು ಒಳಗೆ ಹೋಗಿ ನೀರು ಕುಡಿದೆ.

ಮಾರನೇ ದಿನ ಬಂದ ಮೇಸ್ತ್ರಿ ನೋಡಿ ನಕ್ಕರು. "ಗೋಡೆ ಕೆಡವೋರು ಯಾರಾದ್ರೂ ಪಾಯದಿಂದ ಶುರು ಮಾಡ್ತಾರಾ ಸಾರ್?"

ಅವರು ಸಾರವೆ ಕಟ್ಟಿ ತುದಿಯಿಂದ ಶುರು ಮಾಡಿದರು. ಸಾಕೆಟ್ಟಿನ ಕೆಳಗೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಮಾಳಿಗೆ ಮೇಲಿನ ಕಂಬಕ್ಕೆ ಎರಡು ಸುತ್ತು ಸುತ್ತಿ ಒಬ್ಬ ಹುಡುಗ ಹಿಡಿದು ನಿಂತ. ಕೂಡಿಸಿದ ಜಾಗದಲ್ಲಿ ಸೆಣಬು ತುರುಕಿ ಮೇಲೆ ಸೀಸ ಕಾಯಿಸಿ ಹೊಯ್ದಿದ್ದರು, ಅದು ಬಿಡುವ ಮಾತೇ ಇಲ್ಲ. ಸೀಸ ಕರಗಿಸಿ ಬಿಡಿಸೋಣವಾ ಅಂದೆ. ಆ ಹೊಗೆ ವಿಷ, ಬೇಡ ಅಂದರು. ಕಟಿಂಗ್ ಮಷೀನೂ ಬೇಡ, ಹಳೇ ಬಣ್ಣದಲ್ಲೂ ಸೀಸ ಇರಬಹುದು, ಧೂಳು ಎದೆಗೆ ಹೋಗುತ್ತದೆ. ಸಾಕೆಟ್ಟಿನ ಸುತ್ತ ಸಣ್ಣ ಸಣ್ಣ ಏಟು, ಅಷ್ಟೇ. ಬೀಡಿನಲ್ಲಿ ಇಂಗಾಲ ಜಾಸ್ತಿ, ನೂರಕ್ಕೆ 2ರಿಂದ 4 ಪಾಲು, ಹಾಗಾಗಿ ಅದು ಬಗ್ಗುವುದಿಲ್ಲ, ಒಡೆಯುತ್ತದೆ. ಟಣ್ ಟಣ್ ಅನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ಟಪ್ ಅಂದರೆ ಬಿರುಕು ಬಿತ್ತು ಅಂತ ಲೆಕ್ಕ. ಚೂರುಗಳು ಗಾಜಿನಷ್ಟೇ ಹರಿತ, ಕಣ್ಣಿಗೆ ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ. ಹಿಂದಿನ ರಾತ್ರಿಯಿಂದ ಮಹಡಿ ಕಕ್ಕಸಿಗೆ ಬೀಗ ಹಾಕಿ ಹತ್ತು ಬಕೆಟ್ ನೀರು ಬಿಟ್ಟಿದ್ದೆವು, ಆದರೂ ಮೊದಲನೇ ಪೈಪು ಬಿಚ್ಚಿದಾಗ ಬಂದ ವಾಸನೆ ಬಗ್ಗೆ ಬರೆಯುವುದಿಲ್ಲ.

ಪೈಪು ನೆಲಕ್ಕಿಳಿಸಿ ಮಗುಚಿದಾಗಲೇ ಗೊತ್ತಾಗಿದ್ದು. ಮುಂಭಾಗದಲ್ಲಿ ಚಾಕಲೇಟ್ ಬಣ್ಣ, ಅದರಡಿ ಬೂದಿ, ಅದರಡಿ ಹಸಿರು, ಮನೆಗೆ ಬಣ್ಣ ಹೊಡೆಸಿದಾಗಲೆಲ್ಲ ಒಂದೊಂದು ಕೈ ಬಿದ್ದಿದೆ. ಗೋಡೆ ಕಡೆಯ ಬೆನ್ನಿಗೆ ಒಂದು ಹನಿ ಬಣ್ಣ ಇಲ್ಲ. ಆ ಒಂದಿಂಚು ಸಂದಿಯಲ್ಲಿ ಬ್ರಷ್ ಹೋಗುವುದಿಲ್ಲ, ಒದ್ದೆ ಮಾತ್ರ ಹೋಗಿ ಕೂರುತ್ತದೆ. ಬೆನ್ನ ತುಂಬ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತಿತ್ತು, ಮಧ್ಯೆ ಮೊಳದುದ್ದದ ಸೀಳು. ಒಂದು ಸಾಕೆಟ್ಟಿನೊಳಗೆ ಅರಳಿ ಗಿಡದ ಬೇರು ಬೇರೆ. ದೊಡ್ಡಪ್ಪ ಬಂದು ಸೀಳಿನಲ್ಲಿ ಬೆರಳಿಟ್ಟು ನೋಡಿದರು. ಏನೂ ಹೇಳಲಿಲ್ಲ.

ಗುಜರಿಯವನು ಬಂದಾಗ ಮಾತ್ರ ತಕ್ಕಡಿ ಪಕ್ಕ ಅವರೇ ನಿಂತಿದ್ದರು. ಸೀಸವನ್ನು ಬೀಡಿನ ಜೊತೆ ತೂಕಕ್ಕೆ ಹಾಕಬೇಡಿ, ಬೇರೆ ಮಾಡಿ ಕೊಡಿ, ಅದರ ರೇಟೇ ಬೇರೆ. ಒಂದೊಂದು ಕೂಡಿಕೆಯಲ್ಲಿ ಹೆಚ್ಚುಕಮ್ಮಿ ಒಂದು ಕಿಲೋ ಇರುತ್ತದೆ.

ಈಗ ಅದೇ ಜಾಗದಲ್ಲಿ 110 ಎಂ.ಎಂ. ಪಿವಿಸಿ ಪೈಪು, ಗೋಡೆಯಿಂದ ಕೈ ಆಡುವಷ್ಟು ದೂರದಲ್ಲಿ ಕ್ಲಾಂಪ್ ಹಾಕಿ ನಿಲ್ಲಿಸಿದ್ದೇವೆ. ಅಡುಗೆಮನೆ ಗೋಡೆ ಒಣಗುತ್ತಿದೆ. ಒಂದೇ ತಕರಾರು ಅಂದರೆ ಸದ್ದು. ಬೀಡು ದಪ್ಪ, ನೀರು ಇಳಿದರೂ ಗೊತ್ತಾಗುತ್ತಿರಲಿಲ್ಲ. ಈಗ ರಾತ್ರಿ ಮಹಡಿಯಲ್ಲಿ ಯಾರು ಎದ್ದರೂ ಕೆಳಗೆ ಎಲ್ಲರಿಗೂ ಗೊತ್ತು. "ಕೇಳಿಸ್ತೇನೋ?" ಅಂತ ದೊಡ್ಡಪ್ಪ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳುತ್ತಾರೆ.