ಬೆಲ್ಟನ್ನು ಹಿಡಿದಿರುವ ತಗಡು: ಹಳೆಯ ಮೋರಿಸ್ ಮೈನರ್ ಕಾರಿನ ಸೀಟ್ ಬೆಲ್ಟ್ ಕೆಲಸ

ಹಳೆಯ ಕಾರಿಗೆ ಸೀಟ್ ಬೆಲ್ಟ್ ಹಾಕಿಸಲು ಹೊರಟವರು ಮೊದಲು ವಿಚಾರಿಸುವುದು ಬೆಲ್ಟಿನ ವಿಷಯವನ್ನೇ. ಯಾವ ಕಂಪೆನಿಯದ್ದು, ಬಣ್ಣ ಸೀಟಿಗೆ ಹೊಂದುತ್ತದೆಯೇ, ತಾನಾಗಿ ಸುತ್ತಿಕೊಳ್ಳುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಆ ಬೆಲ್ಟು ಕಾರಿನ ಮೈಯನ್ನು ಹಿಡಿದುಕೊಳ್ಳುವ ಮೂರು ಜಾಗಗಳ ಬಗ್ಗೆ, ಅಂದರೆ ಆಂಕರ್‌ಗಳ ಬಗ್ಗೆ ಕೇಳುವವರು ಕಡಿಮೆ. ಕರಾವಳಿಯ ಉಪ್ಪುಗಾಳಿಯಲ್ಲೂ ಮಳೆಯಲ್ಲೂ ಹತ್ತಾರು ವರ್ಷ ಓಡಿದ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಈ ಆಂಕರ್‌ಗಳನ್ನು ಎಂಬುದು ನಮ್ಮ ಮನೆಯ ಮೋರಿಸ್ ಮೈನರಿನ ಕೆಲಸ ಮಾಡಿಸಿದ ಮೇಲೆ ನನಗೆ ಇನ್ನಷ್ಟು ಖಚಿತವಾಗಿದೆ.

ಕಾರು 1954ರದ್ದು, ಎರಡು ಬಾಗಿಲಿನದ್ದು. ಹಿಂದೂಸ್ಥಾನ್ ಮೋಟಾರ್ಸ್ ಇಲ್ಲಿ ಜೋಡಿಸಿದ್ದಲ್ಲ. ಇಂಗ್ಲೆಂಡಿನಲ್ಲೇ ತಯಾರಾಗಿ ಹಡಗಿನಲ್ಲಿ ಬೊಂಬಾಯಿಗೆ ಬಂದದ್ದು. ಅಲ್ಲಿ ಹೋಟೆಲು ನಡೆಸುತ್ತಿದ್ದ ದೊಡ್ಡಪ್ಪ ಅದನ್ನು ಉಡುಪಿಗೆ ತಂದರು. ವೋಲ್ವೋ ಕಂಪೆನಿಯ ನಿಲ್ಸ್ ಬೋಲಿನ್ ಮೂರು ಬಿಂದುಗಳ ಬೆಲ್ಟನ್ನು ರೂಪಿಸಿ, ಅದು ಮಾರಾಟದ ಕಾರುಗಳಿಗೆ ಬಂದದ್ದು 1959ರಲ್ಲಿ; ಹಾಗಾಗಿ ನಮ್ಮ ಕಾರಿನಲ್ಲಿ ಕಾರ್ಖಾನೆಯವರು ಬೆಲ್ಟಿಗೆಂದು ಯಾವ ಜಾಗವನ್ನೂ ಬಿಟ್ಟಿರಲಿಲ್ಲ. ಭಾರತದಲ್ಲಿ 1994ರಿಂದ ಹೊಸ ಕಾರುಗಳ ಮುಂದಿನ ಸೀಟುಗಳಿಗೆ ಬೆಲ್ಟು ಕಡ್ಡಾಯವಾದ ಮೇಲೆ, ಮನೆಯವರು ಒಂದು ಗ್ಯಾರೇಜಿನಲ್ಲಿ ಇದಕ್ಕೂ ಬೆಲ್ಟು ಹಾಕಿಸಿದ್ದರು. ಆ ಕೆಲಸವನ್ನು ಬಿಚ್ಚಿ ನೋಡಿದಾಗ ಕಂಡದ್ದಿಷ್ಟು: ಸೀಟಿನ ಪಕ್ಕದಲ್ಲಿ ನೆಲದ ತಗಡಿಗೆ ನೇರವಾಗಿ ತೂತು ಕೊರೆದು, ಕೆಳಗಿನಿಂದ ಹತ್ತು ರೂಪಾಯಿ ನಾಣ್ಯದಷ್ಟಗಲದ ವಾಶರ್ ಕೊಟ್ಟು, ಸಾಮಾನ್ಯ ನಟ್ಟು ಬೋಲ್ಟಿನಲ್ಲಿ ಬಿಗಿದಿದ್ದರು. ಮೇಲಿನಿಂದ ನೋಡಿದರೆ ಎಲ್ಲವೂ ಗಟ್ಟಿ. ಕೆಳಗಿನಿಂದ ಕಪ್ಪು ಅಂಡರ್‌ಕೋಟಿಂಗನ್ನು ಕೆರೆದಾಗ ವಾಶರಿನ ಸುತ್ತಲಿನ ತಗಡು ಸ್ಕ್ರೂಡ್ರೈವರಿನ ಮೊನೆಗೇ ಪದರುಪದರಾಗಿ ಉದುರಿತು.

ತುಕ್ಕು ಅಲ್ಲಿಯೇ ಹಿಡಿಯುವುದಕ್ಕೆ ಕಾರಣವಿದೆ. ಕೊರೆದ ತೂತಿನ ಅಂಚಿನಲ್ಲಿ ಬಣ್ಣವಿಲ್ಲದ ಹಸಿ ಕಬ್ಬಿಣ ಉಳಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಕಾಲುಗಳಿಂದ ಇಳಿದ ನೀರು ಕಾರ್ಪೆಟ್ಟಿನ ಕೆಳಗಿನ ದಪ್ಪ ಹಾಸಿನಲ್ಲಿ ಸೇರಿ ವಾರಗಟ್ಟಲೆ ಒಣಗದೆ ನಿಲ್ಲುತ್ತದೆ, ಕೆಳಗಿನಿಂದ ಚಕ್ರ ಎರಚುವ ನೀರು ಬೋಲ್ಟಿನ ಸಂದಿಗೆ ಏರುತ್ತದೆ. ಬಾಗಿಲಿನ ಕೆಳಗಿರುವ ಪೆಟ್ಟಿಗೆಯಾಕಾರದ ಸಿಲ್ಲಿನ ಸ್ಥಿತಿ ಇನ್ನೂ ಕಷ್ಟದ್ದು. ನೀರು ಹೊರಹೋಗಬೇಕಾದ ಸಣ್ಣ ತೂತುಗಳಲ್ಲಿ ನಮ್ಮ ಊರಿನ ಕೆಮ್ಮಣ್ಣು ಕಟ್ಟಿಕೊಂಡರೆ ಸಿಲ್ಲು ಒಳಗಿನಿಂದಲೇ ಕರಗುತ್ತಾ ಬರುತ್ತದೆ.

ಟಿಂಕರಿಂಗ್ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರು ಮೊದಲು ಹೇಳಿದ್ದು, "ಇಷ್ಟು ದಪ್ಪದ ಬೋಲ್ಟ್ ಉಂಟಲ್ಲ ಮಾರಾಯ್ರೆ, ಇದು ಎಲ್ಲಿ ತುಂಡಾಗ್ತದೆ?" ಎಂದು. ಬೋಲ್ಟು ತುಂಡಾಗುವುದಿಲ್ಲ ಎಂಬುದು ನಿಜ. ತೆಳು ಬಟ್ಟೆಗೆ ಗಟ್ಟಿ ನೂಲಿನಲ್ಲಿ ಹೊಲಿದ ಗುಂಡಿಯನ್ನು ಜಗ್ಗಿದರೆ ನೂಲು ಉಳಿದು ಬಟ್ಟೆ ಹರಿಯುತ್ತದೆ. ಇಲ್ಲಿಯೂ ಬೋಲ್ಟು ವಾಶರಿನೊಂದಿಗೆ ತಗಡನ್ನು ಕಿತ್ತುಕೊಂಡು ಮೇಲೆ ಬರುತ್ತದೆ. ಅವರೆದುರು ನಾನು ಒಂದು ಸರಳ ಲೆಕ್ಕ ಇಟ್ಟೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ 70 ಕಿಲೋ ತೂಕದ ಮನುಷ್ಯ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಲ್ಲಬೇಕಾದರೆ ಬೆಲ್ಟು ಸರಾಸರಿ ಸುಮಾರು 9,700 ನ್ಯೂಟನ್, ಅಂದರೆ ಹೆಚ್ಚುಕಡಿಮೆ ಒಂದು ಟನ್ ಭಾರದಷ್ಟು ಬಲವನ್ನು ತಡೆಯಬೇಕು. ಒಂದು ಕ್ಷಣದ ಗರಿಷ್ಠ ಬಲ ಇದಕ್ಕಿಂತಲೂ ಹೆಚ್ಚು. ವಿಶ್ವಸಂಸ್ಥೆಯ 14ನೇ ವಾಹನ ನಿಯಮಾವಳಿಯ ಪ್ರಕಾರ ಸಾಮಾನ್ಯ ಕಾರಿನ ಮೂರು ಬಿಂದುಗಳ ಬೆಲ್ಟಿನ ಆಂಕರ್‌ಗಳನ್ನು ಪರೀಕ್ಷಿಸುವಾಗ ಎದೆಯ ಪಟ್ಟಿಗೆ 13,500 ನ್ಯೂಟನ್, ಸೊಂಟದ ಪಟ್ಟಿಗೆ 13,500 ನ್ಯೂಟನ್ ಬಲವನ್ನು ಒಟ್ಟೊಟ್ಟಿಗೆ ಹಾಕಿ ಎಳೆಯುತ್ತಾರೆ. ಈ ಅಂಕಿಗಳನ್ನು ಕೇಳಿದ ಮೇಲೆ ಅವರು ಮತ್ತೆ ವಾದಿಸಲಿಲ್ಲ. ಗ್ರೈಂಡರ್ ತೆಗೆದುಕೊಂಡು, ಹೊಳೆಯುವ ಶುದ್ಧ ಕಬ್ಬಿಣ ಸಿಗುವವರೆಗೆ ಹಳೆಯ ತಗಡನ್ನು ತಾವಾಗಿಯೇ ಕತ್ತರಿಸಿದರು.

ಹೊಸ ತುಂಡಿಗೆ ಅಂಗಡಿಯವರು ಜಿ.ಐ. ತಗಡು ಕೊಡಲು ಬಂದರು. ಅದರ ಸತುವಿನ ಲೇಪ ವೆಲ್ಡಿಂಗಿನ ಶಾಖಕ್ಕೆ ಉರಿದು ವಿಷದ ಹೊಗೆಯಾಗುತ್ತದೆ, ಬೆಸುಗೆಯಲ್ಲೂ ಗುಳ್ಳೆಗಳು ಉಳಿಯುತ್ತವೆ. ಲೇಪವಿಲ್ಲದ 1.2 ಮಿಲಿಮೀಟರ್ ದಪ್ಪದ ತಗಡನ್ನೇ ತಂದು, ಕಾರಿನ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಟ್ಟ ಮೇಲೆ ಮಿಗ್ ವೆಲ್ಡಿಂಗ್ ಮಾಡಿಸಿದೆವು. ಚಾಲಕನ ಕಾಲಿನ ಕೆಳಗೆ ಬ್ರೇಕಿನ ಮಾಸ್ಟರ್ ಸಿಲಿಂಡರ್ ಇರುವ ಕಾರು ಇದಾದ್ದರಿಂದ ಬ್ರೇಕಿನ ಕೊಳವೆಗಳು ಎಲ್ಲೆಲ್ಲಿ ಹಾದುಹೋಗುತ್ತವೆ ಎಂದು ಮೊದಲೇ ಗುರುತು ಹಾಕಿಕೊಳ್ಳುವುದು ಅಗತ್ಯವಾಗಿತ್ತು.

ಆಂಕರಿಗೆ ನಾವು ಬಳಸಿದ್ದು 75 ಮಿ.ಮೀ. ಉದ್ದ, 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಗಳನ್ನು. ಮೂಲೆಗಳು ಚೂಪಾಗಿದ್ದರೆ ತಗಡು ಅಲ್ಲಿಂದಲೇ ಹರಿಯಲು ತೊಡಗುವುದರಿಂದ ಅವನ್ನು ಉರುಟಾಗಿ ಉಜ್ಜಿದೆವು. ಪಟ್ಟಿ ಯಾವ ಬದಿಗೆ ಬರಬೇಕು ಎಂಬುದು ಇಡೀ ಕೆಲಸದ ತಿರುಳು. ಬೆಲ್ಟು ಎಳೆಯುವ ದಿಕ್ಕಿನ ಹಿಂಬದಿಗೆ, ಅಂದರೆ ತಗಡಿನ ಆಚೆಗೆ ಪಟ್ಟಿಯಿದ್ದರೆ ಎಳೆತ ಹೆಚ್ಚಿದಂತೆ ಪಟ್ಟಿ ತಗಡಿಗೆ ಒತ್ತಿಕೊಂಡು ಭಾರವನ್ನು ಹಂಚುತ್ತದೆ. ಈಚೆಗಿದ್ದರೆ ಎಲ್ಲ ಭಾರವೂ ಬೆಸುಗೆಯ ಮೇಲೆಯೇ ಬೀಳುತ್ತದೆ. ಒಳಬದಿಯ ಆಂಕರ್‌ಗಳಿಗೆ ಪ್ರೊಪೆಲ್ಲರ್ ಶಾಫ್ಟಿನ ಟನಲ್, ಅಂದರೆ ಹಿಂದಿನ ಚಕ್ರಗಳನ್ನು ತಿರುಗಿಸುವ ದಂಡ ಹಾದುಹೋಗಲು ನಡುವೆ ಉಬ್ಬಿರುವ ನೆಲ, ಸೂಕ್ತ ಜಾಗ. ಆದರೆ ಈ ಕಾರಿನ ಗೇರ್‌ಬಾಕ್ಸಿನ ಮೇಲಿನ ಮುಚ್ಚಳ ಬಿಚ್ಚಿ ತೆಗೆಯುವಂಥದ್ದು. ಅದರ ಹಿಂದೆ ನೆಲಕ್ಕೆ ಬೆಸೆದಿರುವ ಭಾಗವನ್ನೇ ಆರಿಸಬೇಕು. ಹೊರಬದಿಯ ಆಂಕರ್‌ಗಳು ಬಾಗಿಲ ಹಿಂದಿನ ಕಂಬದ ಬುಡದಲ್ಲಿ, ದುರಸ್ತಿ ಮಾಡಿದ ಸಿಲ್ಲಿಗೆ ಬಂದವು.

ಬೋಲ್ಟಿನ ವಿಷಯದಲ್ಲಿ ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ತುಂಬ ಹುಡುಕಬೇಕಾಯಿತು. ಜಗತ್ತಿನ ಹೆಚ್ಚಿನ ಕಾರುಗಳ ಬೆಲ್ಟಿನ ಬೋಲ್ಟು ಇಂದಿಗೂ 7/16 ಇಂಚಿನದು, ಇಂಚಿಗೆ 20 ಸುತ್ತಿನ ಯು.ಎನ್.ಎಫ್. ಎಂಬ ಇಂಚಿನ ಅಳತೆಯ ಸಣ್ಣ ಮರೆಯದು (ಮರೆ ಎಂದರೆ ಬೋಲ್ಟಿನ ಮೈಮೇಲಿನ ತಿರುಪು). ಇದರ ವ್ಯಾಸ 11.1 ಮಿ.ಮೀ. ಮಾತ್ರ, ಆದರೆ ಮರೆಯ ಅಂತರ 1.27 ಮಿ.ಮೀ. 12 ಮಿ.ಮೀ.ನ ಸಣ್ಣ ಮರೆಯ ನಟ್ಟಿನ ಅಂತರ 1.25 ಮಿ.ಮೀ. ಇರುವುದರಿಂದ ಇಂಚಿನ ಬೋಲ್ಟು ಅದರೊಳಗೆ ಸಲೀಸಾಗಿ ಹೋಗುತ್ತದೆ, ಸ್ವಲ್ಪ ಬಿಗಿಯಾದಂತೆಯೂ ಅನಿಸಬಹುದು. ಮರೆಗಳು ತುದಿಯಲ್ಲಷ್ಟೇ ತಾಗಿಕೊಂಡಿರುವ ಆ ಜೋಡಿ ಎಳೆತಕ್ಕೆ ಕಿತ್ತುಬರುತ್ತದೆ. ಆದ್ದರಿಂದ ನಟ್ಟನ್ನೂ ಬೋಲ್ಟನ್ನೂ ಒಂದೇ ಕಡೆಯಿಂದ ಜೊತೆಯಾಗಿ ಕೊಳ್ಳುವುದು ಒಳ್ಳೆಯದು. ತಲೆಯ ಮೇಲೆ ಯಾವ ಗುರುತೂ ಇಲ್ಲದ ಬೋಲ್ಟನ್ನು ಈ ಕೆಲಸಕ್ಕೆ ಮುಟ್ಟಲೇಬಾರದು. ಇಂಚಿನ ಬೋಲ್ಟುಗಳಲ್ಲಿ ಆರು ಗೆರೆಗಳಿದ್ದರೆ ಅದು ಎಂಟನೇ ದರ್ಜೆಯದ್ದು, ಅಂದರೆ ಹೆಚ್ಚು ಬಲದ್ದು.

ಭುಜದ ಆಂಕರ್ ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡಿತು. ಬಾಗಿಲ ಹಿಂದಿನ ಕಂಬ ಟೊಳ್ಳಾದ ಕಾರಣ ಒಳಪದರದಲ್ಲಿ ಕಿಟಕಿಯಂತೆ ಕತ್ತರಿಸಿ, ಪಟ್ಟಿಯನ್ನು ಒಳಗೆ ಸೇರಿಸಿ ಬೆಸೆದು, ಕತ್ತರಿಸಿದ ತುಂಡನ್ನು ಮತ್ತೆ ಕೂರಿಸಬೇಕಾಯಿತು. ಎತ್ತರವನ್ನು ನಿರ್ಧರಿಸುವ ಮೊದಲು ಮನೆಯಲ್ಲಿ ಎಲ್ಲರಿಗಿಂತ ಎತ್ತರವಿರುವ ತಮ್ಮನನ್ನು ಸೀಟಿನಲ್ಲಿ ಕೂರಿಸಿ ಅಳತೆ ತೆಗೆದೆ. ಆಂಕರ್ ಭುಜಕ್ಕಿಂತ ಕೆಳಗಿದ್ದರೆ ಡಿಕ್ಕಿಯಾದಾಗ ಬೆಲ್ಟು ಭುಜವನ್ನು ಕೆಳಕ್ಕೆ ಅದುಮಿ ಬೆನ್ನುಹುರಿಗೆ ಅಪಾಯ ತರುತ್ತದೆ. ಸೊಂಟದ ಪಟ್ಟಿಯೂ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು; ಅದಕ್ಕಾಗಿ ಕೆಳಗಿನ ಆಂಕರ್‌ಗಳನ್ನು ಬಹಳ ಹಿಂದಕ್ಕೆ ಸರಿಸದೆ, ಪಟ್ಟಿ ನೆಲದೊಂದಿಗೆ ಸುಮಾರು 60 ಡಿಗ್ರಿ ಕೋನದಲ್ಲಿ ಇಳಿಯುವಂತೆ ನೋಡಿಕೊಂಡೆ. ತಾನಾಗಿ ಸುತ್ತಿಕೊಳ್ಳುವ ರೀಲನ್ನು ಕಂಬದ ಬುಡದಲ್ಲಿ ರಸಮಟ್ಟ ಹಿಡಿದು ಕೂರಿಸಿದೆವು, ಏಕೆಂದರೆ ಅದು ಓರೆಯಾದರೆ ನಿಂತ ಕಾರಿನಲ್ಲೇ ಲಾಕ್ ಆಗಿಬಿಡುತ್ತದೆ. ಕೈಯಿಂದ ಬಿಗಿಮಾಡುವ ಹಳೆಯ ಬಗೆಯ ಬೆಲ್ಟು ಆ ಕಾಲದ ಕಾರಿಗೆ ಒಪ್ಪುತ್ತದೆಯಾದರೂ ಜನ ಅದನ್ನು ಸಡಿಲವಾಗಿಯೇ ಹಾಕಿಕೊಳ್ಳುತ್ತಾರೆ. ಅಂದಕ್ಕಿಂತ ಬೆಲ್ಟು ಮೈಗೆ ಬಿಗಿಯಾಗಿ ಕೂರುವುದು ನನಗೆ ಮುಖ್ಯವಾಗಿತ್ತು.

ಬೆಲ್ಟುಗಳನ್ನು ವೆಲ್ಡಿಂಗ್, ಬಣ್ಣ ಎಲ್ಲ ಮುಗಿದ ಮೇಲಷ್ಟೇ ಕಾರಿನೊಳಗೆ ತಂದೆ. ಬೆಸುಗೆಯ ಒಂದು ಕಿಡಿ ಬಿದ್ದರೂ ಪಾಲಿಯೆಸ್ಟರ್ ನೂಲು ಕರಗುತ್ತದೆ, ಅಂಥ ಪಟ್ಟಿಯನ್ನು ಮತ್ತೆ ನಂಬುವಂತಿಲ್ಲ. ಬೆಸುಗೆಗಳಿಗೆ ಸತುವಿನ ಪ್ರೈಮರ್, ಅದರ ಮೇಲೆ ಬಣ್ಣ, ಸಿಲ್ಲಿನ ಮತ್ತು ಕಂಬದ ಟೊಳ್ಳಿನೊಳಗೆ ಉದ್ದ ನಳಿಗೆಯಿಂದ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿದ್ದಾಯಿತು. ಬೋಲ್ಟು ಬಿಗಿದ ಮೇಲೂ ಬೆಲ್ಟಿನ ಕಬ್ಬಿಣದ ಕೊಂಡಿ ಎಳೆತದ ದಿಕ್ಕಿಗೆ ಸುಲಭವಾಗಿ ತಿರುಗುತ್ತಿದೆಯೇ ಎಂದು ಪ್ರತಿಯೊಂದನ್ನೂ ಕೈಯಿಂದ ನೋಡಿದೆ.

ಹಿಂದಿನ ಸೀಟಿನ ಕೆಲಸ ಬಾಕಿಯಿದೆ. ಅಲ್ಲಿನ ತಗಡು ಗಟ್ಟಿಯಾಗಿದ್ದರೂ ಪಟ್ಟಿಗಳನ್ನು ಚಕ್ರದ ಕಮಾನಿನ ಹತ್ತಿರ ಕೂರಿಸಬೇಕಾಗುತ್ತದೆ, ಅದು ನೀರು ನೇರವಾಗಿ ಬಡಿಯುವ ಜಾಗ. ಕತ್ತರಿಸಿದ ಅಂಚನ್ನು ಹಸಿ ಗಾಳಿಗೆ ಬಿಡಲು ಮನಸ್ಸಿಲ್ಲದ ಕಾರಣ ಮಳೆ ಬಿಟ್ಟ ಮೇಲೆ, ನವೆಂಬರಿನ ಒಣ ಹವೆಯಲ್ಲಿ ಅದನ್ನು ಕೈಗೆತ್ತಿಕೊಳ್ಳುವುದೆಂದು ಟಿಂಕರಿಂಗಿನ ಹಿರಿಯರೊಂದಿಗೆ ಮಾತಾಗಿದೆ. ಅಲ್ಲಿಯವರೆಗೆ ಮಕ್ಕಳನ್ನು ಆ ಕಾರಿನಲ್ಲಿ ಕರೆದೊಯ್ಯುವುದಿಲ್ಲ.