ಗೆಜ್ಜೆಯ ಕರುಳು, ನಡುವೆ ಬಿಟ್ಟುಹೋದ ಒಂದು ‘ಲೋ’

ಇವತ್ತು ಬೆಳಿಗ್ಗೆ ನನ್ನ ಕುದುರೆ ಗೆಜ್ಜೆಯ ಹೊಟ್ಟೆಯಡಿ ಬೆರಳಿಟ್ಟು ಒತ್ತಿದೆ. ಗುಳಿ ಬೀಳಲಿಲ್ಲ! ಎರಡು ತಿಂಗಳ ಹಿಂದೆ ಅದೇ ಜಾಗ ಕಲಸಿಟ್ಟ ಹಿಟ್ಟಿನ ಹಾಗಿತ್ತು. ಒತ್ತಿದ ಗುರುತು ಹಾಗೇ ಉಳಿಯುತ್ತಿತ್ತು.

ಹಲ್ಲಿಗೆ ಅರ ಹಾಕಿಸಿದ್ದು, ಲದ್ದಿ ಪರೀಕ್ಷೆ, ಹುಳಕ್ಕೆ ಮಾಕ್ಸಿಡೆಕ್ಟಿನ್ ಕೊಟ್ಟಿದ್ದು ಎಲ್ಲ ಕುದುರೆ ಸೊರಗಿದಾಗ ಮೊದಲು ಹಿಡಿಯುವ ದಾರಿಯೇ, ಬಿಡಿ. ಇಷ್ಟಾದರೂ ಇವಳು ಹುಲ್ಲನ್ನು ಒಂದು ಎಳೆ ಬಿಡದೆ ತಿಂದು, ದಿನದಿಂದ ದಿನಕ್ಕೆ ಪಕ್ಕೆಲುಬು ತೋರಿಸುತ್ತಿದ್ದಳು. ಆಗಾಗ ಸಣ್ಣ ಹೊಟ್ಟೆನೋವು ಬೇರೆ. ರಕ್ತದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಡೆಸಿಲೀಟರಿಗೆ 1.8 ಗ್ರಾಂಗೆ ಇಳಿದಿತ್ತು. ಪ್ರೋಟೀನ್ ಕರುಳಿನಿಂದಲೇ ಸೋರಿ ಹೋಗುತ್ತಿತ್ತು, ಹೊಟ್ಟೆಯಡಿ ಊತ ಬಂದಿದ್ದು ಅದಕ್ಕೇ. ಅಲ್ಟ್ರಾಸೌಂಡಿನಲ್ಲಿ ಸಣ್ಣ ಕರುಳಿನ ಗೋಡೆ 5 ಮಿಲಿಮೀಟರ್ ದಪ್ಪ ಕಂಡಿತು. ಇರಬೇಕಾದ್ದು 3ರ ಆಸುಪಾಸು.

ಆಮೇಲೆ ಗ್ಲೂಕೋಸ್ ಪರೀಕ್ಷೆ. ರಾತ್ರಿಯಿಡೀ ಉಪವಾಸ. ಖಾಲಿ ಬಕೆಟ್ ಒದ್ದು ಒದ್ದು ಇಡೀ ಲಾಯವನ್ನೇ ಎಬ್ಬಿಸಿದಳು, ಪಕ್ಕದ ಕುದುರೆಗಳಿಗೂ ಜಾಗರಣೆ! ಕಿಲೋ ತೂಕಕ್ಕೆ 1 ಗ್ರಾಂ ಲೆಕ್ಕದಲ್ಲಿ 380 ಗ್ರಾಂ ಗ್ಲೂಕೋಸ್, 20 ಶೇಕಡಾ ದ್ರಾವಣ ಮಾಡಿ, ಡಾಕ್ಟರ್ ಮೂಗಿನ ಕೊಳವೆಯಲ್ಲಿ ಇಳಿಸಿದರು. ರಕ್ತದ ಸಕ್ಕರೆ ಶುರುವಿನಲ್ಲಿ 86. ಎರಡು ಗಂಟೆಗೆ 160 ಆದರೂ ಮುಟ್ಟಬೇಕಿತ್ತು. ಬಂದದ್ದು 104. ತಿಂದದ್ದು ರಕ್ತಕ್ಕೆ ಸರಿಯಾಗಿ ಸೇರುತ್ತಿಲ್ಲ ಅಂತ ಆಗ ಖಚಿತವಾಯಿತು. ಗುದನಾಳದ ಒಳಪೊರೆಯ ಚೂರು ತೆಗೆದು ನೋಡಿದಾಗ ಲಿಂಫೋಸೈಟ್, ಪ್ಲಾಸ್ಮಾ ಕೋಶಗಳು ಕಿಕ್ಕಿರಿದಿದ್ದವು, ಅಂದರೆ ಕರುಳಿನ ಉರಿಯೂತ.

ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧ ಶುರುವಾಯಿತು. ಹನ್ನೆರಡು ದಿನ ಕಳೆದರೂ ಏನೂ ಆಗಲಿಲ್ಲ. ಕಾಯಿಲೆ ಕೈಮೀರಿತು ಅಂದುಕೊಂಡು ನಾನು ಅತ್ತೇಬಿಟ್ಟೆ. ಆ ರಾತ್ರಿ ಸುಮ್ನೆ ಡಬ್ಬಿ ತಿರುಗಿಸಿ ಓದಿದರೆ, ಪ್ರೆಡ್ನಿಸೋನ್! ಡಾಕ್ಟರ್ ಬರೆದದ್ದು ಪ್ರೆಡ್ನಿಸೋಲೋನ್. ಔಷಧ ಕಳಿಸಿದವರಿಗೆ ಫೋನ್ ಮಾಡಿದರೆ “ಎರಡೂ ಒಂದೇ ಅಲ್ವಾ?” ಅಂತಾರೆ. ಮನುಷ್ಯರಿಗೆ ನಡೆದೀತು. ಕುದುರೆಯ ಹೊಟ್ಟೆ ಪ್ರೆಡ್ನಿಸೋನನ್ನು ಸರಿಯಾಗಿ ಹೀರಿಕೊಳ್ಳುವುದೇ ಇಲ್ಲ, ಅದು ಮೈಯೊಳಗೆ ಬದಲಾಗಿ ಆಗಬೇಕಾದ, ಕೆಲಸ ಮಾಡುವ ಪ್ರೆಡ್ನಿಸೋಲೋನ್ ರಕ್ತದಲ್ಲಿ ಸಿಗುವುದು ಅಪರೂಪ. ದಯವಿಟ್ಟು ಡಬ್ಬಿ ಬಂದ ದಿನವೇ ಹೆಸರು ಅಕ್ಷರ ಅಕ್ಷರ ಓದಿ.

ಸರಿಯಾದ ಮಾತ್ರೆ, ಕಿಲೋಗೆ 1 ಮಿಲಿಗ್ರಾಂ, ದಿನಾ ಬೆಳಿಗ್ಗೆ. ಕಾಳು ಕಮ್ಮಿ ಮಾಡಿ ಎಣ್ಣೆ ನಿಧಾನವಾಗಿ ಹೆಚ್ಚಿಸಿದೆ, ಮೇವನ್ನು ಆರು ಪಾಲು ಮಾಡಿದೆ. ಆರು ವಾರಕ್ಕೆ ಅಲ್ಬುಮಿನ್ 2.5!

ಊತ ಇದ್ದಾಗ ಎದೆಗೆ ಸುತ್ತುವ ಟೇಪು ತೂಕವನ್ನು ಜಾಸ್ತಿ ತೋರಿಸಿ ಮೋಸ ಮಾಡಿತು. ಅದಕ್ಕೇ ಮುಂದಿನ ಕೆಲಸ, ಲಾಯದ ಬಾಗಿಲಲ್ಲೇ ನಾಲ್ಕು ಲೋಡ್ ಸೆಲ್ (ಭಾರ ಅಳೆಯುವ ಸೆನ್ಸರ್) ಇಟ್ಟು ತೂಕದ ಹಲಗೆ. ನಿಂತಲ್ಲಿ ನಿಲ್ಲದ ಪ್ರಾಣಿಯ ಅಂಕಿಯನ್ನು ಸರಾಸರಿ ಮಾಡುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ನಾಳೆಯಿಂದ ಮಾತ್ರೆ ಸ್ವಲ್ಪ ಸ್ವಲ್ಪವೇ ಇಳಿಸುವುದು. ಸ್ಟೀರಾಯ್ಡ್ ಇರುವವರೆಗೆ ಲ್ಯಾಮಿನೈಟಿಸ್ (ಗೊರಸಿನೊಳಗಿನ ಉರಿಯೂತ) ಭಯ ಇದ್ದೇ ಇದೆ, ಬಿಸಿ ಏರಿದೆಯಾ ಅಂತ ದಿನಕ್ಕೆರಡು ಸಲ ಗೊರಸು ಮುಟ್ಟಿ ನೋಡುತ್ತಿದ್ದೇನೆ. ಇವತ್ತು ಸಂಜೆ ನಾಲ್ಕೂ ತಣ್ಣಗಿದ್ದವು.